ಚುಕ್ಕಿ ಸೇರಿಸಿದ ಕೆರೆ

ಗೆಳೆಯರೇ, ಬೆಳಿಗ್ಗೆ ಶಾಂತಿಗ್ರಾಮದ ಮಂಜಿನಲ್ಲಿ, ಬಸ್ಸಿನ ಕಿಟಕಿಯಿಂದ, ಚುಕ್ಕಿಯಷ್ಟೇ ಇಟ್ಟಿದ್ದ ಒಂದು ರಂಗೋಲಿ ಕಂಡೆ.

ಅದೇ ಗುಂಗಿನಲ್ಲಿ ನನ್ನ ಮೂರನೇ ತರಗತಿಯ ಮಕ್ಕಳಿಗೆ, ಬರೀ ಚುಕ್ಕಿಗಳಲ್ಲಿ ನದಿತೀರ ಬಿಡಿಸಿದ್ದ ಫ್ರೆಂಚ್ ಕಲಾವಿದನೊಬ್ಬನ ಚಿತ್ರ ತೋರಿಸಿ, "ಹೀಗೇ ನಮ್ಮೂರ ಕೆರೆ ಬರೆಯಿರಿ" ಎಂದೆ. ಎಲ್ಲರ ಕೆರೆಯೂ ಮಿನುಗಿತು. ಪವಿತ್ರಾ ಮಾತ್ರ ಚುಕ್ಕಿಗಳನ್ನೆಲ್ಲ ಗೆರೆಯಿಂದ ಸೇರಿಸಿಬಿಟ್ಟಿದ್ದಳು.

"ಚುಕ್ಕಿ ಅಂಗೇ ಬಿಟ್ಟು ಎದ್ದೋದ್ರೆ ನಮ್ಮಜ್ಜಿ ಬಯ್ತದೆ ಮಿಸ್."

ಹೆಡ್ ಮಾಸ್ಟರ್ ಇಣುಕಿದರು. "ಇದೇನಮ್ಮ, ಕೆರೆ ಬರಿ ಅಂದ್ರೆ ರಂಗೋಲಿ ಬಿಟ್ಟವ್ಳೆ! ಇದೊಂದ್ನ ಗೋಡೆಗೆ ಹಾಕ್ಬ್ಯಾಡ ಕಣಮ್ಮ."

ಪವಿತ್ರಾ ಹಾಳೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ನಾನು ಎಂದಿನಂತೆ "ಸರಿ ಸಾರ್" ಎಂದೆ.

ಆಮೇಲೆ ಆ ಹಾಳೆಯನ್ನು ಕೇಳಿ ಮನೆಗೆ ತಂದೆ. ಸಂಜೆಬೆಳಕಿಗೆ ಹಿಡಿದರೆ ಗೆರೆಗಳು ಅಲೆಗಳಂತೆ ಕದಲುತ್ತವೆ. ನಾಳೆ ಅದನ್ನೇ ಗೋಡೆಯ ನಟ್ಟನಡುವೆ ಅಂಟಿಸುತ್ತೇನೆ. ಸಾರ್ ಕೇಳಿದರೆ, ಆ ಕಲಾವಿದ ಅರ್ಧಕ್ಕೇ ಎದ್ದುಹೋಗಿದ್ದ, ನಮ್ಮ ಹುಡುಗಿ ಮುಗಿಸಿದ್ದಾಳೆ ಎನ್ನುತ್ತೇನೆ.