ಅಕ್ಷರ ಹಾಕದ ತ್ರಿಭುಜ

ಆಗ ನನಗೆ ನಲವತ್ತೊಂದು. ಅದಾಗಿ ಇಪ್ಪತ್ತೆಂಟು ವರ್ಷವಾಯಿತು.

ಕಳೆದ ತಿಂಗಳು, ಸ್ಕೂಲು ಶುರುವಾಗೋ ಹೊತ್ತು. ಬನಶಂಕರಿಯಲ್ಲಿ ನಾನು ಹೂವಿನ ಬುಟ್ಟಿ ಇಟ್ಟುಕೊಂಡು ಕೂರೋ ಜಾಗದ ಪಕ್ಕದಲ್ಲೇ ಒಂದು ಪುಸ್ತಕದ ಅಂಗಡಿ ಇದೆ. ಯಾರೋ ಒಬ್ಬಾಕೆ ಮಗಳಿಗೆ ಅಂತ ಜಾಮಿಟ್ರಿ ಬಾಕ್ಸ್ ತೆಗೆಸಿ, ನನ್ನ ತಲೆ ಮೇಲೇ ಅದರ ಮುಚ್ಚಳ ತೆಗೆದಳು. ಹೊಸ ತಗಡಿನ ಬಣ್ಣ, ಗಿಡ್ಡ ಪೆನ್ಸಿಲ್ಲಿನ ಮರ, ಎಣ್ಣೆ ಹಚ್ಚಿದ ಕೈವಾರ... ಮಲ್ಲಿಗೆ ಮಾರೋಳ ಮೂಗಿಗೆ ಬೇರೆ ವಾಸನೆ ಹತ್ತೋದು ಕಮ್ಮಿ. ಇದು ಹತ್ತಿತು. ಲೆಕ್ಕದ ಟೀಚರಮ್ಮ ನೆನಪಾದರು.

ಆಗ ನಾನು ಒಂದು ಕಡೆ ಕೂತು ಮಾರುತ್ತಿರಲಿಲ್ಲ. ಜಯನಗರದಲ್ಲಿ ಮನೆಮನೆಗೆ ತಿಂಗಳ ಲೆಕ್ಕದಲ್ಲಿ ದಿನಾ ವರ್ತನೆ ಹೂವು ಹಾಕುತ್ತಿದ್ದೆ. ಟೀಚರಮ್ಮ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರಾದವರು. ಮದುವೆ ಆಗಿರಲಿಲ್ಲ. ಹಿತ್ತಲಲ್ಲಿ ನೆಲ್ಲಿಕಾಯಿ ಮರವಿದ್ದ ಒಂದು ಸಣ್ಣ ಮನೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ದೇವರ ಪಟಕ್ಕೆ ದಿನಾ ಒಂದು ಮೊಳ ಹೂವು. ನಾನು ಅಳೆದು ಕೊಟ್ಟಿದ್ದನ್ನ ಅವರು ತಮ್ಮ ಕೈಯಲ್ಲಿ ಇನ್ನೊಂದು ಸಲ ಅಳೆಯೋರು.

"ನಿನ್ನ ಮೊಳ ದಿನಾ ಒಂದೊಂದು ಥರ ಇರುತ್ತಲ್ಲ ಹೂವಮ್ಮ."

"ಕೈ ಅದೇ ಅಮ್ಮಾ, ಹೂವಿನ ರೇಟು ಬೇರೆ."

ನಗಲಿಲ್ಲ. ಸುಮ್ಮನೆ ನಗೋ ಹೆಂಗಸಲ್ಲ ಅವರು.

ಆ ವರ್ಷ ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು. ಉಳಿದಿದ್ದೆಲ್ಲ ಪಾಸು, ಲೆಕ್ಕ ಒಂದು ಹೋಯಿತು. ನರ್ಸಮ್ಮನ ಟ್ರೇನಿಂಗಿಗೆ ಹೋಗಬೇಕು ಅಂತ ಅವಳಿಗೆ ಆಸೆ. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಲೇಬೇಕು. ಇತ್ತ ತಲಘಟ್ಟಪುರದಲ್ಲಿದ್ದ ನನ್ನ ನಾದಿನಿ, ಸೋದರಮಾವನ ಮಗಳು ತಾನೆ, ನಮ್ಮ ಹುಡುಗನಿಗೇ ಕೊಡಿ ಅಂತ ಮೊದಲಿಂದಲೂ ಕೇಳುತ್ತಿದ್ದಳು. ಹುಡುಗ ಕೆಟ್ಟವನಲ್ಲ. ಇವಳಿಗೆ ಬೇಡ, ಅಷ್ಟೇ. ನಮ್ಮ ಯಜಮಾನರು ಲಗೇಜ್ ಆಟೋ ಓಡಿಸುತ್ತಿದ್ದರು. ತಂಗಿ ಮಾತು ತೆಗೆದುಹಾಕೋರಲ್ಲ. "ಗಣಪತಿ ಹಬ್ಬ ಆದ್ಮೇಲೆ ಇನ್ನೊಂದ್ಸಲ ಪರೀಕ್ಷೆ ಇದೆಯಂತಲ್ಲ, ಬರೀಲಿ. ಪಾಸಾದ್ರೆ ಅವಳಿಷ್ಟ. ಆಗ್ಲಿಲ್ಲ ಅಂದ್ರೆ ಹದಿನೆಂಟು ತುಂಬಿದ ಕೂಡ್ಲೆ ಮದುವೆ" ಅಂದರು. ನಾನು ಆಯ್ತು ಅಂದೆ. ಅವರು ಏನಂದರೂ ಆಯ್ತು ಅನ್ನೋದೇ ನನ್ನ ರೂಢಿ.

ಮಾರನೇ ವಾರ ಮಗಳನ್ನ ಕರೆದುಕೊಂಡು ಟೀಚರಮ್ಮನ ಮನೆಗೆ ಹೋದೆ. ಅವರು ನನಗೆ ಕೂತ್ಕೋ ಅಂದು, ಅವಳನ್ನ ಮುಂದೆ ನಿಲ್ಲಿಸಿಕೊಂಡು, ಪರೀಕ್ಷೆಯಲ್ಲಿ ಏನು ಕೇಳಿದ್ದರು, ಏನು ಬರೆದೆ ಅಂತ ಒಂದೊಂದೇ ಕೇಳಿದರು. ಆಗ ಗೊತ್ತಾಯಿತು. ಇವಳು ಪುಸ್ತಕದ ಪ್ರಮೇಯ ಎಲ್ಲಾ ಬಾಯಿಪಾಠ ಮಾಡಿದ್ದಳು. ಪುಸ್ತಕದಲ್ಲಿ ತ್ರಿಭುಜದ ಮೂಲೆಗಳಿಗೆ ಎ, ಬಿ, ಸಿ ಅಂತ ಬರೆದಿತ್ತಂತೆ. ಪರೀಕ್ಷೆ ಪೇಪರಿನಲ್ಲಿ ಅದನ್ನೇ ತಲೆಕೆಳಗು ಮಾಡಿ, ಪಿ, ಕ್ಯೂ, ಆರ್ ಅಂತ ಹಾಕಿದ್ದರಂತೆ. ಇದು ನಮಗೆ ಮಾಡಿಲ್ಲ ಅಂದುಕೊಂಡು ಇವಳು ಬಿಟ್ಟು ಬಂದಿದ್ದಳು.

ಟೀಚರಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು. "ಎ ಬಿ ಸಿ ನಮ್ಮನೆ ತ್ರಿಭುಜ, ಪಿ ಕ್ಯೂ ಆರ್ ಪಕ್ಕದ್ಮನೆಯವರದಾ?"

ಮಗಳು ತಲೆ ತಗ್ಗಿಸಿದಳು. ನನಗೆ ನಗು ಬಂತು, ತಡೆದುಕೊಂಡೆ.

ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಓದೋಕೆ ಬರುತ್ತಾ?"

"ಬಸ್ ಬೋರ್ಡು ಓದ್ತೀನಿ. ಕನ್ನಡ ಕೂಡಿಸ್ಕೊಂಡು ಕೂಡಿಸ್ಕೊಂಡು..."

"ಇಂಗ್ಲಿಷ್ ಅಕ್ಷರ?"

"ಇಲ್ಲ."

"ಒಳ್ಳೇದೇ ಆಯ್ತು" ಅಂದರು. ನನ್ನ ಓದಿನ ವಿಷಯಕ್ಕೆ ಒಳ್ಳೇದಾಯ್ತು ಅಂದವರು ಅವರೊಬ್ಬರೇ.

ಅವರ ಪಾಠದ ರೀತಿ ಹೀಗಿತ್ತು. ಮಧ್ಯಾಹ್ನ ಅವರು ಮಗಳಿಗೆ ಒಂದು ಪ್ರಮೇಯ ಹೇಳಿಕೊಡೋರು. ಸಂಜೆ ಅವಳು ಅದನ್ನ ನನಗೆ ಹೇಳಬೇಕು. ಎ ಬಿ ಸಿ ಅನ್ನಂಗಿಲ್ಲ. ಈ ಮೂಲೆ, ಆ ಮೂಲೆ ಅಂತ ಬೆರಳಿಟ್ಟು ತೋರಿಸಿ, ಯಾಕೆ ಅಂತ ಹೇಳಬೇಕು. ನಾನು ಒಪ್ಪಿದರೆ ಮುಂದಿನದು, ಇಲ್ಲದಿದ್ದರೆ ಇಲ್ಲ. "ಅರ್ಥ ಆಗದೆ ತಲೆ ಆಡಿಸ್ಬೇಡ ಹೂವಮ್ಮ. ನೀನು ಪಾಪ ಅಂತ ತಲೆ ಆಡಿಸಿದ್ರೆ ಇವಳು ಮತ್ತೆ ಫೇಲು" ಅಂದರು.

ಬನಶಂಕರಿ ಎರಡನೇ ಸ್ಟೇಜಿನ ನಮ್ಮ ವಠಾರದಲ್ಲಿ ಸಂಜೆ ನಾನು ಬಾಗಿಲಲ್ಲಿ ಹೂವು ಕಟ್ಟುತ್ತಾ ಕೂತರೆ, ಅವಳು ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯೋಳು. ತ್ರಿಭುಜದ ಮೂರು ಮೂಲೆ ಒಟ್ಟಿಗೆ ಜೋಡಿಸಿದರೆ ನೇರ ಗೆರೆ ಆಗುತ್ತೆ ಅಂದಳು. ಎರಡು ಸಂಜೆ ಜಗಳ ಆಡಿ ಒಪ್ಪಿದೆ. ಎರಡು ಬದಿ ಸಮ ಇದ್ದರೆ ಅವುಗಳ ಕೆಳಗಿನ ಮೂಲೆಗಳೂ ಸಮ ಅಂದಳು. ಅದನ್ನ ಬೇಗ ಒಪ್ಪಿದೆ. ಆಮೇಲೆ ಓರೆಯಾದ ಚತುರ್ಭುಜ ಬಂತು. ಎದುರುಬದುರು ಬದಿ ಸಮ ಇರೋದು. ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಎರಡೂ ಪಾಲು ಒಂದೇ ಅಂದಳು. ಹೂವು ಕಟ್ಟಿಕೊಡೋ ಪೇಪರನ್ನ ಹಾಗೇ ಕತ್ತರಿಸಿ, ಆ ಗೆರೆಗೆ ಮಡಚಿ ನೋಡಿದೆ. ಒಂದರ ಮೇಲೊಂದು ಕೂರಲಿಲ್ಲ.

"ಕೂರಲ್ವಲ್ಲೇ. ಒಪ್ಪಲ್ಲ."

"ಅಮ್ಮಾ, ಪುಸ್ತಕದಲ್ಲಿ ಇದೆ!"

"ಪುಸ್ತಕದಲ್ಲಿ ಕೂತಿರಬಹುದು. ನನ್ನ ಕೈಯಲ್ಲಿ ಕೂರ್ತಿಲ್ಲ."

ಮರುದಿನ ಇದನ್ನ ಕೇಳಿ ಟೀಚರಮ್ಮ ನಕ್ಕರು. ಅವರು ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಪೇಪರನ್ನ ಗೆರೆಗೆ ಸರಿಯಾಗಿ ಎರಡು ತುಂಡು ಮಾಡಿ, ಒಂದನ್ನ ನೆಲದ ಮೇಲೇ ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲೆ ಇಟ್ಟರು. ಕೂತುಬಿಟ್ಟಿತು. "ಮಡಚಬಾರದು, ತಿರುಗಿಸ್ಬೇಕು" ಅಂದು ಮಗಳಿಗೆ, "ನಿಮ್ಮಮ್ಮ ಕೇಳಿದ್ದನ್ನ ನೀನು ನನಗೆ ಕೇಳ್ಬೇಕಿತ್ತು" ಅಂದರು.

ಶ್ರಾವಣ ಬಂತು. ವರಮಹಾಲಕ್ಷ್ಮಿಗೆ ಮೊದಲು ನಮಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಮಗಳೂ ನನ್ನ ಜೊತೆ ಹೂವು ಕಟ್ಟಬೇಕು. ಆಗಲೇ ಅವಳು ಅರ್ಧವೃತ್ತದ ಪ್ರಮೇಯದಲ್ಲಿ ಸಿಕ್ಕಿಹಾಕಿಕೊಂಡಿದ್ದು. ವೃತ್ತವನ್ನ ನಡುವೆ ಸೀಳೋ ಹಾಗೆ ಗೆರೆ ಎಳೆದು, ಗೆರೆಯ ಎರಡು ತುದಿಯಿಂದ ಬಾಗಿದ ಅಂಚಿನ ಮೇಲೆ ಎಲ್ಲಿಗೆ ಬೇಕಾದರೂ ಗೆರೆ ಎಳಿ, ಅವು ಸೇರೋ ಕಡೆ ಗೋಡೆ ಮೂಲೆಯಂಥ ಮೂಲೆಯೇ ಆಗುತ್ತಂತೆ. ಎಲ್ಲಿ ಸೇರಿದರೂನಾ? ಎಲ್ಲಿ ಸೇರಿದರೂ. ನಾನು ನಂಬಲಿಲ್ಲ. ತುದಿ ಹತ್ತಿರ ಸೇರಿದರೆ ಮೂಲೆ ಚಪ್ಪಟೆ ಆಗಬೇಕಲ್ಲ? ಅವಳು ಟೀಚರಮ್ಮ ಹೇಳಿದ್ದನ್ನ ಗಿಣಿ ಥರ ಹೇಳಿದಳು. ನನಗೆ ತಲೆಗೆ ಹೋಗಲಿಲ್ಲ. ಒಂದು ಸಂಜೆ, ಎರಡು ಸಂಜೆ... ಪಾಠ ಅಲ್ಲೇ ನಿಂತಿತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಹಬ್ಬದ ಹಿಂದಿನ ದಿನ ನಾದಿನಿ ಬಂದಿದ್ದಳು. ಹೂವಿನ ರಾಶಿ ನಡುವೆ ನಮ್ಮ ಗಲಾಟೆ ನೋಡಿ, "ಏನತ್ತಿಗೆ, ಪರೀಕ್ಷೆ ಬರೀತಿರೋದು ನೀವಾ ಅವಳಾ?" ಅಂದಳು.

ಯಜಮಾನರೂ ಸೇರಿಕೊಂಡರು. "ಒಪ್ಪಿದೆ ಅಂತ ಒಂದು ಮಾತು ಅನ್ನೇ. ನಿನ್ನ ಗಂಟೇನು ಹೋಗುತ್ತೆ?"

ಆ ಮಾತು ಅನ್ನೋದು ನನಗೆ ಕಷ್ಟವಲ್ಲ. ಮದುವೆಗೆ ಮುಂಚೆ ನನ್ನ ಒಪ್ಪಿಗೆ ಯಾರೂ ಕೇಳಿರಲಿಲ್ಲ, ಆದಮೇಲೆ ಕೇಳಿದಾಗೆಲ್ಲ ಕೊಟ್ಟಿದ್ದೆ. ಆದರೆ ಇದು ಬಾಯಿಗೆ ಬರಲಿಲ್ಲ. "ಅರ್ಥ ಆಗಿಲ್ಲ. ಆಗದೆ ಹೆಂಗೆ ಒಪ್ಲಿ?" ಅಂದೆ. ಗಂಡನ ಎದುರು ಅದೇ ಮೊದಲು.

ಮಗಳು ಕೈಯಲ್ಲಿದ್ದ ಮಾಲೆ ಎಸೆದಳು. "ನೀನು ದಡ್ಡಿ ಅಂತ ನಾನು ಫೇಲಾಗ್ಬೇಕಾ?"

"ಹೂಂ, ದಡ್ಡಿನೇ. ದಡ್ಡಿಗೆ ಹೇಳೋಕೆ ಬರ್ದೇ ಇರೋದು ನಿನಗೆ ಬಂದಿದೆ ಅಂತ ಹೆಂಗೆ ನಂಬ್ಲಿ?"

ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ಹೂವು ಬಾಡುತ್ತಿತ್ತು. ಸ್ವಲ್ಪ ಹೊತ್ತು ಗೋಡೆಗೊರಗಿ ಕೂತಿದ್ದು, ಮುಖ ಒರೆಸಿಕೊಂಡು ಬಂದು ಮತ್ತೆ ನೆಲದ ಮೇಲೆ ಬರೆದಳು. ಈ ಸಲ ವೃತ್ತದ ನಡುವಿನಿಂದ ಮೇಲಿನ ಮೂಲೆಗೆ ಇನ್ನೊಂದು ಗೆರೆ ಎಳೆದಳು.

"ನಡುವಿನಿಂದ ಅಂಚಿಗೆ ಎಲ್ಲಾ ಕಡೆ ಒಂದೇ ದೂರ. ಒಪ್ತೀಯಾ?"

"ಅದಕ್ಕೇ ತಾನೆ ಗುಂಡಗಿರೋದು. ಒಪ್ತೀನಿ."

"ಈಗ ಒಳಗೆ ಎರಡು ತ್ರಿಭುಜ. ಎಡಗಡೆಯದರಲ್ಲಿ ಎರಡು ಬದಿ ಸಮ. ಅಂದ್ಮೇಲೆ ಎರಡು ಮೂಲೆ ಸಮ." ರಾಶಿಗೆ ಕೈ ಹಾಕಿ ಎರಡು ಕನಕಾಂಬರ ತೆಗೆದು ಕೆಳಗಿನ ಮೂಲೆಗೊಂದು, ಮೇಲಿನದಕ್ಕೊಂದು ಇಟ್ಟಳು. ಬಲಗಡೆಯದಕ್ಕೂ ಹಾಗೇ, ಎರಡು ಮಲ್ಲಿಗೆ ಮೊಗ್ಗು. ಮೇಲಿನ ಮೂಲೆಯಲ್ಲಿ ಒಂದು ಕನಕಾಂಬರ, ಒಂದು ಮಲ್ಲಿಗೆ ಪಕ್ಕಪಕ್ಕ ಕೂತವು.

"ದೊಡ್ಡ ತ್ರಿಭುಜದ ಮೂಲೆ ಎಲ್ಲಾ ಸೇರಿಸು. ಎರಡು ಕನಕಾಂಬರ, ಎರಡು ಮಲ್ಲಿಗೆ. ಸೇರಿದ್ರೆ ಏನಾಗುತ್ತೆ?"

"ನೇರ ಗೆರೆ. ಅದು ಆಗ್ಲೇ ಒಪ್ಪಿದೀನಿ."

"ಮೇಲ್ಗಡೆ ಇರೋದು?"

ನಾನು ಕಟ್ಟೋದು ನಿಲ್ಲಿಸಿದೆ. ಒಂದು ಕನಕಾಂಬರ, ಒಂದು ಮಲ್ಲಿಗೆ. ಅರ್ಧ. ನೇರ ಗೆರೆಯಲ್ಲಿ ಅರ್ಧ ಅಂದರೆ ಗೋಡೆ ಮೂಲೆ. ಮೂಲೆಯನ್ನ ತುದಿ ಹತ್ತಿರ ಸರಿಸಿ ಬರಿ ಅಂದೆ, ಬರೆದಳು. ಒಂದು ಹೂವಿನ ಮೂಲೆ ದೊಡ್ಡದಾಯಿತು, ಇನ್ನೊಂದರದು ಅಷ್ಟೇ ಸಣ್ಣದಾಯಿತು. ಅರ್ಧ ಅರ್ಧವಾಗೇ ಉಳಿಯಿತು.

"ಒಪ್ಪಿದೆ" ಅಂದೆ. ನಾದಿನಿ ಎದ್ದು ಕಾಫಿಗಿಡೋಕೆ ಒಳಗೆ ಹೋದಳು.

ಟೀಚರಮ್ಮನಿಗೆ ಹೇಳಿದಾಗ ಹೊಗಳಲಿಲ್ಲ. "ಹೂವು ಇಟ್ಟಿದ್ದು ಯಾರ ಯೋಚನೆ?" ಅಂತ ಒಂದೇ ಕೇಳಿದರು. ಅವಳದೇ ಅಂದೆ. "ಸರಿ, ಮುಂದಿನದು" ಅಂದರು. ಆದರೆ ಅವತ್ತು ಹೂವಿನ ಮೊಳ ಅಳೆಯೋದು ಮರೆತರು.

ಪರೀಕ್ಷೆಯಲ್ಲಿ ಅರ್ಧವೃತ್ತ ವಾಲಿಕೊಂಡು ಬಂದಿತ್ತಂತೆ, ಯಾವುದೋ ಕಂಡಿರದ ಅಕ್ಷರ ಹೊತ್ತುಕೊಂಡು. ಮಗಳು ಬರೆದು ಬಂದಳು. ಅಂಚಿನಲ್ಲಿ ಪಾಸಾದಳು. ಟೀಚರಮ್ಮ ಮಾರ್ಕ್ಸ್ ಕಾರ್ಡು ನೋಡಿ, "ಮಿಕ್ಕಿದ್ದೆಲ್ಲ ಎಲ್ಲಿ ಬಿಟ್ಟು ಬಂದೆ?" ಅಂದರು. ಯಜಮಾನರು ಕೊಟ್ಟ ಮಾತಿಗೆ ನಿಂತರು, ಅದನ್ನ ಹೇಳಲೇಬೇಕು. ನಾದಿನಿ ಬಹಳ ಕಾಲ ಮಾತು ಬಿಟ್ಟಿದ್ದಳು. ಮಗನಿಗೆ ಬೇರೆ ಕಡೆ ಒಳ್ಳೆ ಹೆಣ್ಣು ಸಿಕ್ಕ ಮೇಲೆ ಸರಿಹೋದಳು.

ಕೆಲವು ವರ್ಷ ಕಳೆದು, ಒಂದು ಬೆಳಿಗ್ಗೆ ಟೀಚರಮ್ಮ, "ನಾಳೆಯಿಂದ ಹೂವು ಬೇಡ ಹೂವಮ್ಮ, ತಂಗಿ ಮನೆಗೆ ಹೋಗ್ತಿದೀನಿ, ಮೈಸೂರಿಗೆ" ಅಂದರು. ಮುಂದಿನ ಮನೆಗೆ ಹೊತ್ತಾಗಿತ್ತು, ಹೊರಟೆ. ನಮ್ಮ ಕೆಲಸದಲ್ಲಿ ಮನೆ ಬಿಡೋರು ಬಿಡ್ತಾರೆ, ಬರೋರು ಬರ್ತಾರೆ...

ಕಳೆದ ತಿಂಗಳು ಆ ವಾಸನೆ ಮೂಗಿಗೆ ಹತ್ತಿದ ದಿನ, ಬುಟ್ಟಿ ಖಾಲಿಯಾದ ಮೇಲೆ ಆ ರಸ್ತೆಗೆ ಹೋದೆ. ಮನೆ ಇಲ್ಲ, ನಾಲ್ಕು ಮಹಡಿ ಎದ್ದಿದೆ. ಎದುರಿಗೆ ಇಸ್ತ್ರಿ ಗಾಡಿಯವನು ಮಾತ್ರ ಆಗಿನವನೇ. ತಲೆ ಬೆಳ್ಳಗಾಗಿದೆ. ಕೇಳಿದೆ.

"ಟೀಚರಮ್ಮನಾ? ಅವರು ಮೈಸೂರಲ್ಲಿ ತೀರ್ಕೊಂಡು ಬಹಳ ವರ್ಷ ಆಯ್ತಲ್ಲಕ್ಕ. ಅವರ ತಂಗಿ ಬಂದಿದ್ದಾಗ ಹೇಳಿದ್ರು."

ಓ, ಹೌದಾ ಅಂದು ಬಂದುಬಿಟ್ಟೆ. ಎಲ್ಲೋ ಇದ್ದಾರೆ, ಯಾರನ್ನೋ ಗದರಿಸಿಕೊಂಡು, ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಇರಲಿಲ್ಲ.

ರಾತ್ರಿ ಮಗಳಿಗೆ ಫೋನ್ ಮಾಡಿ ಹೇಳಿದೆ. ಈಗ ಅವಳು ದೂರದ ಒಂದು ಹಳ್ಳಿ ಆಸ್ಪತ್ರೆಯಲ್ಲಿ ನರ್ಸು. "ಏನಾಗಿತ್ತಂತೆ ಅಮ್ಮಾ? ಯಾರಿದ್ರಂತೆ ಹತ್ರ?" ಅಂದಳು.

"ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

ಮಾರನೇ ದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಲಿಲ್ಲ. ಮೊದಲನೇ ಬಸ್ಸಿಗೆ ಜಯನಗರಕ್ಕೆ ಹೋಗಿ ಆ ಗಾಡಿಯ ಮುಂದೆ ನಿಂತೆ. ಇಸ್ತ್ರಿಯವನು ಇನ್ನೂ ಕೆಂಡ ಮಾಡಿರಲಿಲ್ಲ.

"ಟೀಚರಮ್ಮನಿಗೆ ಏನಾಗಿತ್ತು? ಹತ್ರ ಯಾರಿದ್ರು? ನಿನಗೆ ಗೊತ್ತಿರೋದೆಲ್ಲ ಹೇಳಪ್ಪ."

"ಈಗ ತಿಳ್ಕೊಂಡು ಏನ್ ಮಾಡ್ತೀಯಕ್ಕ?"

"ಮಾಡೋದೇನಿಲ್ಲ. ಹೇಳು."

ಅವನು ಇದ್ದಿಲಿನ ಚೀಲ ಕೆಳಗಿಟ್ಟು ಹೇಳೋಕೆ ಶುರು ಮಾಡಿದ. ನಾನು ನಿಂತೇ ಕೇಳಿಸಿಕೊಂಡೆ.