ಹೆರೆಮಣೆಯ ಮುಂಗಾಲು

ನಾನು ಓದಿದ್ದು ಮೂರನೇ ಕ್ಲಾಸು. ಮರದ ಕೆಲಸ ಕಲಿತದ್ದು ಪುತ್ತೂರಿನಲ್ಲಿ, ಅಣ್ಣನ ಮರದ ಮಿಲ್ಲಿನ ಶೆಡ್ಡಿನಲ್ಲಿ. ಹೆಂಗಸಿಗೆ ಉಳಿ ಯಾಕೆ ಎಂದವರ ಅಡುಗೆಮನೆಯಲ್ಲೂ ಈಗ ನನ್ನ ಹೆರೆಮಣೆ ಇದೆ.

ಹಳೆಯ ಹೆರೆಮಣೆಯಲ್ಲಿ ನೆಲಕ್ಕೆ ಕೂತು ತೆಂಗಿನಕಾಯಿ ಹೆರೆದು ಮಂಡಿ ಕಳಕೊಂಡ ಹೆಂಗಸರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ನಾನು ಅದಕ್ಕೆ ನಾಲ್ಕು ಕಾಲು ಕೊಟ್ಟು ಎತ್ತರ ಮಾಡಿದೆ. ಟೇಪು ಹಿಡಿದು ಮಾಡಿದ್ದಲ್ಲ. ಬಂದವಳನ್ನು ಹಲಗೆಗಳ ಅಟ್ಟಿಯ ಮೇಲೆ ಕೂರಿಸಿ, ಅವಳ ಹಿಮ್ಮಡಿ ನೆಲಕ್ಕೆ ಊರುವ ತನಕ ಒಂದೊಂದೇ ಹಲಗೆ ತೆಗೆಯುತ್ತಿದ್ದೆ. ಆ ಎತ್ತರಕ್ಕೆ ಮಣೆಯ ಕಾಲು ಕೊಯ್ಯುತ್ತಿದ್ದೆ. ಒಬ್ಬಳದ್ದು ಇನ್ನೊಬ್ಬಳಿಗೆ ಆಗುತ್ತಿರಲಿಲ್ಲ.

ಅಣ್ಣ ಹೋದ ಮೇಲೆ ಅವನ ಮಗ ಮಿಲ್ಲಿನ ಎದುರು ಫರ್ನಿಚರ್ ಶೋರೂಮು ಹಾಕಿದ. ನನ್ನ ಹೆರೆಮಣೆಯನ್ನು ಅಲ್ಲಿ ಮಾರಲಿಕ್ಕೆ ಒಬ್ಬ ಡಿಸೈನರನನ್ನೂ ಕರೆತಂದ.

“ಅಜ್ಜಿ, ಇದರ ಎತ್ತರ ಎಷ್ಟು?” ಎಂದು ಡಿಸೈನರ ಕೇಳಿದ.

“ಯಾರಿಗೆ?”

ಅವನು ನಕ್ಕ. ಅಣ್ಣನ ಮಗನಿಗೆ ಸಿಟ್ಟು ಬಂತು. “ಅತ್ತೆ, ಬಂದವರನ್ನೆಲ್ಲ ಹಲಗೆ ಮೇಲೆ ಕೂರಿಸ್ಲಿಕ್ಕೆ ಇದೆಂತ ಡಾಕ್ಟ್ರ ಶಾಪಾ? ಎಲ್ಲರಿಗೂ ಆಗುವ ಒಂದು ಅಳತೆ ಹೇಳಿ ಮಾರಾಯ್ರೆ.”

ನಾನು ಹೇಳಲಿಲ್ಲ. ಡಿಸೈನರ ನನ್ನ ಮನೆಗೇ ಹೋಗಿ ನಾನು ಕೂರುವ ಮಣೆಯನ್ನು ಅಳೆದುಕೊಂಡು, ಅದೇ ಅಳತೆಯಲ್ಲಿ ಎಲ್ಲ ಮಣೆ ಮಾಡಿಸಲು ಹೊರಟ. ಹಿಂದೊಮ್ಮೆ ದಿಮ್ಮಿ ಬಿದ್ದು ನನ್ನ ಬಲ ಮಂಡಿ ಮಡಚುವುದಿಲ್ಲ. ಆ ಕಾಲನ್ನು ಮುಂದೆ ಚಾಚಿ ಒತ್ತಿ ಕೂರಲು ಆಗಲಿ ಎಂದು ಮಣೆಯ ಮುಂಗಾಲುಗಳನ್ನು ಎರಡು ಬೆರಳು ಗಿಡ್ಡ ಮಾಡಿದ್ದೆ. ಮಂಡಿ ಮಡಚಿ ಕೂತವರು ಅದರಲ್ಲಿ ಕಾಯಿ ಹೆರೆಯುವ ಕಬ್ಬಿಣದ ಹಲ್ಲಿನ ಕಡೆಗೇ ಜಾರುತ್ತಾರೆ.

ಶೋರೂಮಿನಲ್ಲಿ ಹಂಚುವ ಬಣ್ಣದ ಕಾಗದದಲ್ಲಿ ಮಣೆಯ ಚಿತ್ರ ಬಂತು. ಮುಂದಕ್ಕೆ ಬಾಗಿದ ಆಸನ, ಬೆನ್ನಿಗೆ ಒಳ್ಳೆಯದು ಎಂದು ಬರೆದಿದ್ದರು. ಕೆಳಗೆ ಡಿಸೈನರನ ಹೆಸರು. ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಮಾಡಲಿ, ಜಾರಿ ಬೀಳಲಿ, ಆಮೇಲೆ ನನ್ನ ಹತ್ತಿರವೇ ಬರುತ್ತಾರೆ ಎಂದುಕೊಂಡು ಬಾಯಿ ಮುಚ್ಚಿದೆ.

ಅರಂತೋಡು ಊರಿನ, ಮದುವೆ ಅಡುಗೆಗೆ ಹೋಗುವ ಒಬ್ಬಳು ಶೋರೂಮಿನಿಂದ ಅಂಥ ಒಂದು ಮಣೆ ಕೊಂಡಳು. ರಿಕ್ಷಾಕ್ಕೆ ಹಾಕುವಾಗ ನಾನು ಬಾಗಿಲಲ್ಲೇ ಇದ್ದೆ. “ಅಕ್ಕ, ಇನ್ನು ನಾನೂ ನಿಮ್ಮ ಹಾಗೆ ಗತ್ತಿನಲ್ಲಿ ಕೂತು ಹೆರೆಯುದು!” ಎಂದು ನಗಾಡಿದಳು. ನಾನೂ ನಕ್ಕೆ.

ವಾರ ಕಳೆಯುವುದರೊಳಗೆ ಬಲಗೈಗೆ ಪಟ್ಟಿ ಕಟ್ಟಿಕೊಂಡು ಬಂದಳು. ಜಾರಿದಾಗ ಅಂಗೈ ಹಲ್ಲಿನ ಮೇಲೆ ಬಿದ್ದು ನರ ಕಡಿದಿತ್ತು. ಶೋರೂಮಿಗೆ ಹೋಗಲಿಲ್ಲ, ನೇರ ನನ್ನ ಹತ್ತಿರ ಬಂದಳು.

“ಅದು ಜಾರ್ತದೆ ಅಂತ ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ನಾನು ತಕೊಂಡು ಹೋಗುವಾಗ ನಿಮ್ಮ ಬಾಯಲ್ಲಿ ಎಂತ ಇತ್ತು?”

ಕುರ್ಚಿ ಎಳೆದು ಕೊಟ್ಟೆ, ನೀರು ತಂದಿಟ್ಟೆ. ಅವಳು ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ.

ನಾನು ಎಣಿಸಿದಂತೆಯೇ ಆಯಿತು. ಅಣ್ಣನ ಮಗ ಓಡಿ ಬಂದ, ಡಿಸೈನರನನ್ನು ಕೆಲಸ ಬಿಡಿಸಿ ಕಳಿಸಿದ, ಉಳಿದ ಮಣೆಗಳ ಕಾಲು ನನ್ನಿಂದ ಸರಿ ಮಾಡಿಸಿದ. ಅವಳ ಎರಡು ಬೆರಳು ಈಗಲೂ ಮಡಚುವುದಿಲ್ಲ, ದೊಡ್ಡ ಅಡುಗೆಗೆ ಯಾರೂ ಕರೆಯುವುದಿಲ್ಲವಂತೆ. ಶೋರೂಮಿನ ಹೊಸ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಹೆಸರಿದೆ. ಅದನ್ನು ಅವಳೂ ಓದಿರುತ್ತಾಳೆ.