ಕೌದಿ ಕಟ್ಟಿ ಕುಣಿಸುವ ಮಾಲಾ

ಬೆಳಗಿನ ಆರೂವರೆ ಗಂಟೆ. ಬೈಲಹೊಂಗಲದ ಕಲ್ಯಾಣಮಂಟಪವೊಂದರ ಖಾಲಿ ಹಾಲ್‌ನಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಚಪ್ಪಾಳೆ ತಟ್ಟುತ್ತಿದ್ದಾರೆ. ಒಮ್ಮೆ ತಟ್ಟಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹತ್ತು ಹೆಜ್ಜೆ ನಡೆದು ಮತ್ತೆ ತಟ್ಟುತ್ತಾರೆ. ಕಿಟಕಿಯಿಂದ ಇಳಿದ ಎಳೆಬಿಸಿಲಿನಲ್ಲಿ ಧೂಳು ತೇಲುತ್ತಿದೆ. ಚಪ್ಪಾಳೆಯೂ ಅದರೊಡನೆ ತೇಲಿ, ಆ ತುದಿಯ ಗೋಡೆ ಮುಟ್ಟಿ, ನಿಧಾನಕ್ಕೆ ವಾಪಸು ಬರುತ್ತದೆ. ಮಾತಾಡಿಸಲು ಹೋದರೆ ಬೆರಳೆತ್ತಿ ನನ್ನನ್ನು ಸುಮ್ಮನಿರಿಸುತ್ತಾರೆ.

“ಹಾಲ್ ಮಾತಾಡಾಕತ್ತೈತ್ರಿ. ಅದರದು ಮುಗೀಲಿ, ಆಮ್ಯಾಲೆ ನಿಮ್ಮದು.”

ಇವರು ಮಾಲಾ. ಊರು ಮುನವಳ್ಳಿ, ವಯಸ್ಸು ಮೂವತ್ತೊಂಬತ್ತು, ಕೆಲಸ ಡಿಜೆ. ಡಿಜೆ ಎಂದರೆ ಎದೆಗೂಡು ನಡುಗಿಸುವ ಪೆಟ್ಟಿಗೆಗಳ ಗುಡ್ಡ ಎಂದುಕೊಂಡು, ಕಿವಿಗಿಡಲು ಹತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದ ನನಗೆ ಈಗ ನಾಚಿಕೆಯಾಗುತ್ತದೆ. ಇವರ ಬಳಿ ಇರುವುದು ಸೊಂಟದೆತ್ತರದ ಎರಡು ಸ್ಪೀಕರ್, ಒಂದು ಮಿಕ್ಸರ್, ಒಂದು ಹಳೆಯ ಲ್ಯಾಪ್‌ಟಾಪ್. ಮತ್ತೆ ಹೊದೆಯುವ ಇಪ್ಪತ್ತೆರಡು ಕೌದಿ.

ಮಾಲಾ ಕುಣಿಸುವುದು ಹೆಂಗಸರನ್ನು ಮಾತ್ರ. ಮದುವೆಯ ಅರಿಷಿಣ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಎಂದು ಸವದತ್ತಿಯಿಂದ ರಾಮದುರ್ಗ, ಕಿತ್ತೂರಿನವರೆಗೆ ಮದುವೆ ಕಾಲದಲ್ಲಿ ತಿಂಗಳಿಗೆ ಹದಿನೆಂಟು ಕಾರ್ಯಕ್ರಮ. ಏಳುವುದು ನಾಲ್ಕಕ್ಕೆ. ಇಪ್ಪತ್ತೆಂಟು ಕಿಲೊ ತೂಗುವ ಸ್ಪೀಕರನ್ನು ಗಂಡ ಸದಾಶಿವ ಒಂದು ಕಡೆ, ಇವರು ಒಂದು ಕಡೆ ಹಿಡಿದು ಟಂಟಂ ಗಾಡಿಗೆ ಏರಿಸುತ್ತಾರೆ. ಮೊದಲು ಡಿಜೆ ಆಗಿದ್ದವರು ಸದಾಶಿವ ಅವರೇ. ಆದರೆ ಗಂಡಸು ಕೂತು ನೋಡುತ್ತಿದ್ದರೆ ಹೆಂಗಸರು ಗೋಡೆಗಂಟಿ ನಗುತ್ತಿದ್ದರೇ ಹೊರತು ಕುಣಿಯುತ್ತಿರಲಿಲ್ಲ.

“ನೀನ ಹೋಗಿ ಹಚ್ಚು, ನಾ ಹೊರಗ ಚಾ ಕುಡೀತೇನಿ ಅಂದ್ರು. ಹನ್ನೊಂದು ವರ್ಷಾತ್ರಿ, ಇನ್ನೂ ಆ ಚಾ ಮುಗದಿಲ್ಲ,” ಎಂದು ಮಾಲಾ ಗಂಡನ ಕಾಲೆಳೆಯುತ್ತಾರೆ.

ವಿದ್ಯೆಯೇನೂ ಪುಕ್ಕಟೆ ಬಂದಿಲ್ಲ. ಮೊದಲ ವರ್ಷ, ಸುರೇಬಾನದ ಒಂದು ಮನೆಯಂಗಳ, ಹದಿನೈದು ಹೆಂಗಸರು. ಸದ್ದು ಹೆಚ್ಚಿದಷ್ಟೂ ಕುಣಿತ ಹೆಚ್ಚು ಎಂದು ನಂಬಿದ್ದ ಮಾಲಾ, ದೊಡ್ಡ ಪೆಟ್ಟಿಗೆ ತರಿಸಿ ಪೂರ್ತಿ ಏರಿಸಿದರು. ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡಿತು. ಹೆಂಗಸರು ಒಬ್ಬೊಬ್ಬರಾಗಿ ಕೂತುಬಿಟ್ಟರು. ಆಗ ಸೀತವ್ವ ಎಂಬ ಹಿರಿಯರು ಹತ್ತಿರ ಬಂದು ಹೇಳಿದ್ದು ಇವರಿಗೆ ಇಂದಿಗೂ ಬಾಯಿಪಾಠ: “ಯವ್ವಾ, ನಮ್ಮ ಕೈಯಾಗಿನ ಬಳಿ ಸಪ್ಪಳಾನ ನಮಗ ಕೇಳವಲ್ದು. ಹ್ಯಾಂಗ ಕುಣೀಬೇಕು?”

“ಅವತ್ತ ತಿಳೀತ್ರಿ,” ಎನ್ನುತ್ತಾರೆ ಮಾಲಾ. “ಮುನ್ನೂರು ಮಂದಿ ಇದ್ರ ಅವರ ನಡುವ ಒಬ್ಬಾಕಿ ಅಡಗಬಹುದು, ಧೈರ್ಯ ಬರತೈತಿ. ಹದಿನೈದು ಮಂದ್ಯಾಗ ಅಡಗಾಕ ಜಾಗಾನ ಇಲ್ಲ. ಅಲ್ಲೆ ಹಾಡು ಬಳಿ ಸಪ್ಪಳಕ್ಕಿಂತ ಒಂದು ಬಟ್ಟು ಮ್ಯಾಲೆ ಇರಬೇಕು, ಅಷ್ಟ. ಹೂಲಿ ಊರಾಗ ಮಾಳಗಿ ಮ್ಯಾಲೆ ಕುಣಸಿದ್ನಿ, ಅಲ್ಲೆ ಸಪ್ಪಳ ಆಕಾಶಕ್ಕ ಹಾರಿ ಹೋಕ್ಕೈತಿ. ಈ ಹಾಲ್ ಅಂತೂ ನುಂಗೇ ಬಿಡತೈತಿ. ಎಂಟುನೂರು ಮಂದಿ ಹಾಲ್‌ನ್ಯಾಗ ಅರವತ್ತು ಮಂದಿ ಅಂದ್ರ, ಜ್ವಾಳ ತುಂಬೂ ಹಗೇವಿನ್ಯಾಗ ನಾಕು ಕಾಳು ಒಗದಂಗ.”

ಇಂದಿನ ಅರಿಷಿಣಕ್ಕೆ ಬರುವವರು ಆ ಅರವತ್ತು ಮಂದಿಯೇ. ಮದುಮಗಳ ತಾಯಿ ಮಹಾನಂದಾ ಏಳಕ್ಕೇ ಬಂದು ಮಾಲಾ ಪಕ್ಕ ನಿಂತಿದ್ದಾರೆ. ಕಳೆದ ವರ್ಷ ಹಿರಿಮಗಳ ಅರಿಷಿಣವೂ ಇಂಥದೇ ಹಾಲ್‌ನಲ್ಲಿ ಆಗಿತ್ತು. ದೊಡ್ಡ ಡಿಜೆ, ಎಲ್ಲರ ಕೈಯಲ್ಲೂ ವಿಡಿಯೊ ಹಿಡಿಯುವ ಮೊಬೈಲ್. ಒಬ್ಬ ಹೆಂಗಸೂ ಎದ್ದಿರಲಿಲ್ಲ. ಮಹಾನಂದಾ ಅಂಚಿನಲ್ಲಿ ನಿಂತು, ಕಾಲು ಆಡಿಸಿ, ಕೊನೆಗೆ ಹೋಳಿಗೆ ನೋಡುವ ನೆಪದಲ್ಲಿ ಅಡುಗೆಮನೆ ಸೇರಿದ್ದರು.

“ಸಣ್ಣಾಕಿದ್ದಾಗ ಭಾಳ ಕುಣೀತಿದ್ನಿ. ನನ್ನ ಮಕ್ಕಳು ನೋಡೇ ಇಲ್ಲ,” ಎನ್ನುತ್ತಾರೆ ಅವರು, ನನ್ನನ್ನು ನೋಡದೆ. “ಇದು ಮನಿಯಾಗಿನ ಕಡೀ ಲಗ್ನ. ಇವತ್ತ ಆಗಲಿಲ್ಲಂದ್ರ ಮುಗೀತು.”

ಮಾಲಾ ಹಗ್ಗ ಬಿಚ್ಚುತ್ತಾರೆ. ಹಾಲ್‌ನ ಒಂದು ಮೂಲೆಯಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಕೌದಿಗಳನ್ನು ಇಳಿಬಿಡುತ್ತಾರೆ. ಯಾರ‍್ಯಾರದೋ ಹಳೆಯ ಸೀರೆಗಳು ಪದರ ಪದರವಾಗಿ ಹೊಲಿಸಿಕೊಂಡು ಗೋಡೆಯಾಗುತ್ತವೆ. ಸ್ಪೀಕರ್‌ಗಳು ಒಳಮುಖ ಮಾಡುತ್ತವೆ. ಕಿಟಕಿಗಳನ್ನು ಮುಚ್ಚಿ, ಉಳಿದ ಹಾಲ್‌ನ ದೀಪಗಳನ್ನೆಲ್ಲ ಆರಿಸಿದ ಮೇಲೆ, ಕೌದಿಯ ಕೋಣೆಯೊಂದೇ ಮೆಲ್ಲಗೆ ಹೊಳೆಯುತ್ತ ಉಳಿಯುತ್ತದೆ. ಒಳಗೆ ಹೋಗಿ ಮತ್ತೆ ಚಪ್ಪಾಳೆ ತಟ್ಟುತ್ತಾರೆ. ಈ ಸಲ ಸದ್ದು ತಿರುಗಿ ಬರುವುದಿಲ್ಲ.

ಹತ್ತಕ್ಕೆ ಹೆಂಗಸರೆಲ್ಲ ಒಳಗೆ ಹೋಗುತ್ತಾರೆ. ನಾನು ಗಂಡಸು, ನನಗೆ ಪ್ರವೇಶವಿಲ್ಲ. ಕತ್ತಲೆಯ ಕಡೆ ಸದಾಶಿವ ಅವರ ಜೊತೆ ಚಹಾ ಹಿಡಿದು ಕೂರುತ್ತೇನೆ. ಹಾಡು ಬರುತ್ತದೆ, ಪಕ್ಕದ ಮನೆಯಲ್ಲಿ ಯಾರೋ ಗುನುಗಿದಷ್ಟು ಸಣ್ಣಗೆ. ಅರ್ಧ ತಾಸು ಬರೀ ಮಾತು, ಕೆಮ್ಮು. ನಡುವೆ ಹಾಡು ನಿಲ್ಲುತ್ತದೆ. “ಮೊಬೈಲ್ ಕೆಳಗ ಇಡ್ರಿ, ಹಾಡು ತಾನ ಬರತೈತಿ,” ಎಂಬ ಮಾಲಾ ದನಿ. ನನಗೆ ಮಹಾನಂದಾ ನೆನಪಾಗುತ್ತಾರೆ. ಈ ಸಲವೂ ಅಡುಗೆಮನೆಯೇ?

ಆಮೇಲೆ ಎಲ್ಲೋ ಒಂದು ಬಳೆ. ಇನ್ನೊಂದು. ಹಾಡು ಒಂದಿಷ್ಟು ಏರುತ್ತದೆ, ಬಳೆಗಳೂ ಏರುತ್ತವೆ. ಒಳಗಿನ ಸೆರಗುಗಳ ಗಾಳಿಗೆ ಕೌದಿಗಳು ಉಸಿರಾಡತೊಡಗುತ್ತವೆ. ಆ ಕತ್ತಲಲ್ಲಿ ಕೂತ ನಾನು ಯಾವ ಊರಿನಲ್ಲಿದ್ದೇನೆ, ಎಷ್ಟು ಹೊತ್ತಾಯಿತು ಎಂಬುದೆಲ್ಲ ಮರೆಯುತ್ತೇನೆ. ಚಹಾ ಆರಿ ಹೋಗಿದೆ. ಹಾಡು ಮುಗಿದಾಗ ಏದುಸಿರಿನ ಒಂದು ದನಿ ಕೇಳುತ್ತದೆ, ಮಹಾನಂದಾ ಅವರದು: “ನಿಲ್ಲಸಬ್ಯಾಡ ಮಾಲಾ! ಈಗಷ್ಟ ಕಾಲು ಬಿಚ್ಚ್ಯಾವ!”

ಮಧ್ಯಾಹ್ನ ಕೌದಿ ಮಡಚುತ್ತಿದ್ದ ಮಾಲಾರನ್ನು, ಎಷ್ಟು ಜನ ಕುಣಿದರು ಎಂದು ಕೇಳುತ್ತೇನೆ.

“ಎಣಿಸಿಲ್ರಿ. ಮಹಾನಂದಕ್ಕ ಮೂರು ಹಾಡು ಕುಣದ್ಲು. ಮಗಳು ತಾ ಕುಣಿಯೂದು ಬಿಟ್ಟು ಅವ್ವನ್ನ ನೋಡ್ಕೋತ ನಿಂತಬಿಟ್ಟಿದ್ಲು.” ಒಂದು ಮಡಿಕೆ ಮುಗಿಸಿ, ಅಂಗೈಯಿಂದ ಒತ್ತಿ, ಮಾಲಾ ನಗುತ್ತಾರೆ. “ಅವ್ವ ಹಿಂಗೂ ಇದ್ದಾಳಂತ ಆಕಿಗೆ ಇವತ್ತ ಗೊತ್ತಾತ್ರಿ.”